ನಲವತ್ತು ನಿಮಿಷದ ದಾರಿ

ಮಾರ್ಚ್ ೧೪, ಶುಕ್ರವಾರ

ಇವತ್ತೂ ಹೋಗಲಾಗಲಿಲ್ಲ.

ನಮ್ಮವರಿಗೆ ವರ್ಗವಾಗಿರುವ ವಿಮಾನ ನಿಲ್ದಾಣಕ್ಕೆ ಇಲ್ಲಿಂದ ಹಾರಿದರೆ ನಲವತ್ತು ನಿಮಿಷ. ಬೆಟ್ಟ ಸುತ್ತಿ ಬಸ್ಸಿನಲ್ಲಿ ಹೋದರೆ ಹನ್ನೊಂದು ತಾಸು. ನನಗಿರುವುದು ಒಂದೇ ದಿನದ ರಜೆ, ಬಸ್ಸಿನಲ್ಲೇ ಕಳೆದುಹೋಗುತ್ತದೆ. ವಿಮಾನದಲ್ಲಿ ನಮ್ಮಂಥ ಸಿಬ್ಬಂದಿಗೆ ಸೀಟು ಪುಕ್ಕಟೆ, ಆದರೆ ಯಾರೂ ಕೊಳ್ಳದೆ ಉಳಿದರೆ ಮಾತ್ರ.

ಸಂಜೆಯ ವಿಮಾನದಲ್ಲಿ ಒಂದು ಸೀಟು ಉಳಿದಿತ್ತು, ನನ್ನ ಹೆಸರು ಹಾಕಿಕೊಂಡಿದ್ದೆ. ಕೆಲಸ ಮುಗಿಸಿ ಟಿಕೆಟ್ ಕೌಂಟರ್ ಮುಚ್ಚಬೇಕು, ಅಷ್ಟರಲ್ಲಿ ಅಜ್ಜಿಯೊಬ್ಬರು ಏದುಸಿರು ಬಿಡುತ್ತಾ ಬಂದರು. "ತಂಗಿ ಜೊತೆ ಜಗಳ ಆಯ್ತು ಕಣಮ್ಮ. ಇನ್ನೊಂದು ರಾತ್ರಿ ಅವಳ ಮನೇಲಿರಲ್ಲ. ನಮ್ಮೂರಿಗೆ ಕಳಿಸ್ಬಿಡು."

ದುಡ್ಡು ಕೊಡುವವರಿಗೆ ಇಲ್ಲ ಎನ್ನುವಂತಿಲ್ಲ. ಕಂಪ್ಯೂಟರಿನಲ್ಲಿ ನನ್ನ ಹೆಸರು ಅಳಿಸಿ ಅವರ ಹೆಸರು ಹಾಕಿದವಳೂ ನಾನೇ.

ಆಮೇಲೆ ಇವರ ಫೋನು. ಅಲ್ಲಿ ವಿಮಾನಕ್ಕೆ ಏಣಿ ಹಚ್ಚುವ ಕೆಲಸ ಇವರದು.

"ಎಲ್ಲಾ ಇಳಿದ್ರೂ ಏಣಿ ಹತ್ರಾನೇ ನಿಂತಿದ್ದೆ. ಕೊನೇಲಿ ಒಬ್ರು ಅಜ್ಜಿ ಬಂದ್ರು. ಕೌಂಟರ್‌ನಲ್ಲಿದ್ದ ಹುಡುಗಿ ತುಂಬಾ ಒಳ್ಳೆಯವಳು ಅಂದ್ರು."

ಒಳ್ಳೆಯವಳಂತೆ, ಮಣ್ಣಂಗಟ್ಟಿ.

"ನೀವೇನಂದ್ರಿ?"

"ಸ್ವಲ್ಪ ಕೆಟ್ಟವಳಾಗಿದ್ರೆ ಚೆನ್ನಾಗಿರ್ತಿತ್ತು, ಅಂದೆ."

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಫೋನಿಡಲು ಇಬ್ಬರಿಗೂ ಆಗಲಿಲ್ಲ.

ಹೊರಡಲೆಂದು ಕಟ್ಟಿದ ಬ್ಯಾಗು ಬಾಗಿಲ ಹತ್ತಿರವೇ ಇದೆ. ಬಿಚ್ಚಿದರೆ ಇವರಿಗೆಂದು ತೆಗೆದಿಟ್ಟ ಸ್ವೆಟರೇ ಮೊದಲು ಕೈಗೆ ಸಿಗುತ್ತದೆ. ಬಿಚ್ಚದೆ ಅಲ್ಲೇ ಇರಲಿ.