ಎಲ್ಲರ ಅಜ್ಜಿ ಕೋಮಮ್ಮ

ಫಲಕದಡಿ, ಜೂನ್ ೩೧, ೨೧೧೧

ಹಿಂದಿನವರಿಗೆ,

ಈ ತಾರೀಖು ನಿಮ್ಮಲ್ಲಿಲ್ಲ ಎಂದು ಗೊತ್ತು. ಮಳೆಗೆ ಕಾಯಲೆಂದು ನಾವು ಜೂನ್‌ಗೆ ಒಂದು ದಿನ ಹೆಚ್ಚಿಗೆ ಕೊಟ್ಟಿದ್ದೇವೆ. ನಿಮ್ಮ ಕಿವಿಗೆ ಒಗ್ಗದ ಪದಗಳು ಬಂದರೆ ಮನ್ನಿಸಿ. ನಾನು ನೆರಳಿ, ಶಾಲೆಯನ್ನು ನಡುವೆ ಬಿಟ್ಟವಳು, ಒಂದೆಡೆ ಕೂರಲಾಗದವಳು. ಬೇರೆ ಪದ ಹುಡುಕುವ ತಾಳ್ಮೆ ನನಗಿಲ್ಲ.

ನಮ್ಮೂರು ಪಾವಗಡದ ಕಡೆ, ಬಿಸಿಲು ಹಿಡಿಯುವ ಫಲಕಗಳ ಕೆಳಗಿದೆ. ಹಸುಗೂಸುಗಳಿಗೆ ಮೂರು ತಿಂಗಳಾದಾಗ ಊರಿನ ಅಂಚಿಗೆ ಒಯ್ದು ಆಕಾಶ ತೋರಿಸುತ್ತೇವೆ. ಕೆಲವು ಅಳುತ್ತವೆ. ಊರಿನ ನಡುವೆ ಗ್ರಂಥಾಲಯವಿದೆ, ಅಲ್ಲಿ ಯಾವುದಕ್ಕೂ ಕಾಸಿಲ್ಲ. ಸೋಮವಾರ ಹಳೆಯ ಅಡುಗೆ ಕಲಿಸುತ್ತಾರೆ. ಬುಧವಾರ ಬತ್ತಿದ ಕೆರೆಗಳ ಅಂಗಳದಲ್ಲಿ ನಡೆಸಿ, ಯಾವ ಕೆರೆಯನ್ನು ಯಾರು ಕಟ್ಟಿಸಿದರೆಂದು ಹೇಳುತ್ತಾರೆ. ಗುರುವಾರ ಕೊಂಡಿಸಂಜೆ. ನಮಗೆ ಗೊತ್ತಿರುವ ಹಿರಿಯರ ಹೆಸರು ಕೊಟ್ಟರೆ, ಗೊತ್ತಿಲ್ಲದವರ ಹೆಸರನ್ನು ಗ್ರಂಥಾಲಯ ಹುಡುಕಿ ಕೊಂಡಿಯಂತೆ ಜೋಡಿಸುತ್ತದೆ.

ಇದು ನಮಗೆ ಮೋಜಲ್ಲ. ನಮ್ಮಲ್ಲಿ ಕರೆಸಾಲು ಎಂಬ ಪದ್ಧತಿಯಿದೆ. ಜೀವ ಹೋಗುವ ಹೊತ್ತಿಗೆ ಮನೆಯ ಕಿರಿಯ ಹುಡುಗಿ ಹಾಸಿಗೆಯ ಪಕ್ಕದಲ್ಲಿ ಒಂದು ಖಾಲಿ ಚಾಪೆ ಹಾಸಿ, ಸಾಯುವವರ ತಾಯಿಯನ್ನು, ತಾಯಿಯ ತಾಯಿಯನ್ನು ಹೆಸರು ಹಿಡಿದು ಕರೆಯಬೇಕು. ಅವರು ಬಂದು ಕರೆದೊಯ್ಯುತ್ತಾರೆ. ನಮ್ಮ ಮನೆಯ ಕಿರಿಯ ಹುಡುಗಿ ನಾನು. ಮಲಗಿರುವವಳು ನಮ್ಮಜ್ಜಿ ಮೋಕ್ಷಿತ. ಅವಳ ತಾಯಿಯ ಹೆಸರು ಭಾಗ್ಯಲತಾ. ಭಾಗ್ಯಲತಾಳ ತಾಯಿಯ ಹೆಸರು ಅಜ್ಜಿಗೆ ಗೊತ್ತಿಲ್ಲ. ಅಜ್ಜಿಯನ್ನು ಹೆಸರು ಹಿಡಿದು ಯಾರು ಕೂಗುತ್ತಾರೆ? ಭಾಗ್ಯಲತಾಳ ಫೋನಿನಲ್ಲೂ ಆಕೆ ಬರೀ ‘ಅವ್ವ’ ಎಂದೇ ಇದ್ದಳಂತೆ. ಆ ಫೋನುಗಳಲ್ಲಿ ಇದ್ದದ್ದೆಲ್ಲ ಯಾವತ್ತೋ ಆರಿಹೋಗಿದೆ.

ಕಳೆದ ವರ್ಷ ಗ್ರಂಥಾಲಯ ಹೆಸರು ಹುಡುಕಿಕೊಟ್ಟಿತು: ಕೋಮಮ್ಮ. ಅದಕ್ಕೊಂದು ದನಿಯನ್ನೂ ಕಟ್ಟಿಕೊಟ್ಟಿತು. ಗುರುವಾರ ಒಳಕೋಣೆಯಲ್ಲಿ ಕೂತರೆ ಕೋಮಮ್ಮ ಮಾತಾಡುತ್ತಾಳೆ, ಜೋಗುಳ ಹಾಡುತ್ತಾಳೆ. ಮೊದಲ ಸಲ ಕೇಳಿದಾಗ ಅಜ್ಜಿ ನಕ್ಕುಬಿಟ್ಟಳು. ತನ್ನಜ್ಜಿ ಯಾವತ್ತೂ ಹಾಡಿದವಳಲ್ಲ, ಕಡಲೆಕಾಯಿ ಹರಡಿದ ಅಂಗಳಕ್ಕೆ ನುಗ್ಗುವ ಕೋಳಿಗಳನ್ನು ಬಯ್ಯುವುದೇ ಅವಳ ಹಾಡು ಎಂದಳು. ಎಡಗೈಯ ಕಿರುಬೆರಳು ಸೊಟ್ಟಗಿತ್ತು ಎಂದೂ ಹೇಳಿದ್ದಳು. ಈಗ ಕೇಳಿದರೆ ಬೆರಳು ನೆಟ್ಟಗೇ ಇತ್ತು ಎನ್ನುತ್ತಾಳೆ. ಕೋಳಿಗಳು ಇರಲೇ ಇಲ್ಲ ಎನ್ನುತ್ತಾಳೆ. ಆ ಜೋಗುಳವನ್ನು ತಾನೇ ಗುನುಗುತ್ತಾಳೆ.

ನನಗೆ ಸುಮ್ಮನಿರಲಾಗಲಿಲ್ಲ. ಎದುರು ಮನೆಯವರ ಅಜ್ಜಿಯೂ ಕೋಮಮ್ಮ. ಗಿರಣಿಯವರಿಗೂ ಅವಳೇ. ಊರಿನಲ್ಲಿ ಮುಕ್ಕಾಲು ಪಾಲು ಜನ ಅವಳ ಮೊಮ್ಮಕ್ಕಳು. ಎಲ್ಲರಿಗೂ ಅದೇ ಜೋಗುಳ ನೆನಪಿದೆ. ಗ್ರಂಥಪಾಲಕಿ ಶಮೀನಾ ಹಳೆಯ ಕಾಗದ ನೋಡಲು ಯಾರಿಗೂ ಅಡ್ಡಿಪಡಿಸುವುದಿಲ್ಲ. ಹಾಗಾಗಿ ನಿಮ್ಮ ಕಾಲದ ಜಮೀನು ಪತ್ರಗಳನ್ನು ತೆಗೆಸಿ ನೋಡಿದೆ. ಎಲ್ಲದರ ಎಡ ಅಂಚನ್ನು ಗೆದ್ದಲು ತಿಂದಿದೆ. ಉಳಿದದ್ದು ನಮ್ಮ ಮನೆಯ ಪತ್ರದಲ್ಲಿ ‘ಕೋಂ ಚಿಕ್ಕನರಸಪ್ಪ’, ಬೇರೆಯವರದರಲ್ಲಿ ‘ಕೋಂ ಈರಣ್ಣ’, ‘ಕೋಂ ಗಂಗಾಧರಪ್ಪ’. ನಿಮಗೆ ನಗು ಬರಬಹುದು. ಕೋಂ ಎಂದರೆ ಇಂಥವನ ಹೆಂಡತಿ ಎಂದಷ್ಟೇ ಅಲ್ಲವೇ? ನನಗದು ತಿಳಿದದ್ದು ಗೆದ್ದಲು ತಿನ್ನದೆ ಬಿಟ್ಟ ಒಂದೇ ಒಂದು ಹಾಳೆಯಿಂದ. ಅದರಲ್ಲಿ ಕೋಂಗೆ ಮೊದಲು ಹೆಂಗಸಿನ ಹೆಸರಿತ್ತು. ಗಂಡಸರ ಹೆಸರನ್ನೂ ಗೆದ್ದಲು ತಿಂದಿತ್ತು, ಆದರೆ ಅವು ಮಗನ ಸಾಲಿನಲ್ಲಿ ‘ಬಿನ್’, ಅಂದರೆ ಇಂಥವನ ಮಗ, ಎಂಬುದರ ಮುಂದೆ ಮತ್ತೆ ಸಿಗುತ್ತವೆ. ಹೆಂಗಸಿನ ಹೆಸರು ಇದ್ದದ್ದು ಅಂಚಿನಲ್ಲಿ ಮಾತ್ರ. ಅದು ಹೋದಮೇಲೆ ಗ್ರಂಥಾಲಯ ಉಳಿದ ಕೋಂ ಅನ್ನೇ ಹೆಸರೆಂದು ಓದಿ, ಅಮ್ಮ ಸೇರಿಸಿತು.

ಶಮೀನಾಗೆ ಹೇಳಿದೆ.

“ಶಾಲೆ ಬಿಟ್ಟೋಳಿಗೇ ಇಷ್ಟೊಂದು ಅನುಮಾನ, ಓದಿದ್ದಿದ್ರೆ ಊರು ಉಳೀತಿರ್ಲಿಲ್ಲ” ಎಂದು ಮೊದಲು ಛೇಡಿಸಿದಳು. ಹಾಳೆ ನೋಡಿದ ಮೇಲೆ ಅದರ ಎಡ ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ ಒಳಕೋಣೆಯ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು:

“ಜನಕ್ಕೆ ನಾನು ಹೇಳ್ತೀನಿ ಬಿಡು. ಅವಳಿಗೆ ಯಾರೇ ಹೇಳ್ತಾರೆ?”

ಆ ಮಾತು ಯಾಕೆ ಬಂತೆಂದು ನನಗೆ ಗೊತ್ತು. ಎದುರು ಮನೆಯ ತಾತನಿಗೆ ಕರೆಸಾಲು ಕೂಗಿದಾಗ ನಾನೂ ಅಲ್ಲಿದ್ದೆ. ಅವನ ತಾಯಿಯ ಹೆಸರು ಕೂಗಿದಾಗ ಏನೂ ಆಗಲಿಲ್ಲ. ಕೋಮಮ್ಮ ಎಂದಾಗ ಖಾಲಿ ಚಾಪೆ ಒಂದು ಕಡೆ ತಗ್ಗಿತು, ಯಾರೋ ಮೊಣಕಾಲೂರಿ ಕೂತ ಹಾಗೆ. ನಾನು ಕಂಡದ್ದು ಇಷ್ಟೇ. ಇಲ್ಲದ್ದನ್ನು ಸೇರಿಸುವುದಿಲ್ಲ. ಅಂದಿನಿಂದ ಪ್ರತಿ ಸಾವಿಗೂ ಚಾಪೆ ತಗ್ಗುತ್ತದೆ. ಬೇರೆ ಯಾರೂ ಬರುವುದಿಲ್ಲ. ಅವಳೊಬ್ಬಳೇ ಬರುತ್ತಾಳೆ. ಎಲ್ಲಿಗೆ ಕರೆದೊಯ್ಯುತ್ತಾಳೋ ಯಾರಿಗೆ ಗೊತ್ತು? ಅವಳಿಗೆ ಹುಟ್ಟಿದ ಮನೆಯಿಲ್ಲ, ಸತ್ತ ಜಾಗವಿಲ್ಲ.

ನಮ್ಮಮ್ಮ ಎಲ್ಲರಂತೆ ಕೋಮಮ್ಮನನ್ನೇ ಕರೆ ಎನ್ನುತ್ತಾಳೆ. ಯಾರೂ ಬಾರದೆ ಹೋಗುವುದಕ್ಕಿಂತ ಯಾರೋ ಒಬ್ಬರು ಬರುವುದು ಮೇಲು ಎಂಬುದು ಅವಳ ವಾದ. ನಾನು ಅಜ್ಜಿಗೆ ನಿಜ ಹೇಳಿಬಿಟ್ಟೆ. ಅವಳು ಸೂರು ನೋಡುತ್ತಾ ಮಲಗಿದ್ದಳು. ಬೆಳಿಗ್ಗೆ ಬಿಸಿ ಗಂಜಿ ಕುಡಿಸುವಾಗ, ತನ್ನ ಎಡಗೈಯ ಕಿರುಬೆರಳನ್ನು ಮೆಲ್ಲಗೆ ಮಡಚಿ ನೋಡಿಕೊಂಡಳು.

“ಸೊಟ್ಟಗಿತ್ತು ಕಣೆ” ಎಂದಳು. “ಅವಳನ್ನೇ ಕರಿ. ಈ ಹಾಡೋಳು ಬ್ಯಾಡ.”

“ಹೆಸರು ಗೊತ್ತಿಲ್ವಲ್ಲಜ್ಜಿ.”

“ನಂಗೇನು ಗೊತ್ತಾ? ನೋಡು, ನೀನಿನ್ನೂ ಕರ್ದೇ ಇಲ್ಲ. ಇವಳಾಗ್ಲೇ ಬಂದು ಕೂತವ್ಳೆ.”

ತಿರುಗಿ ನೋಡಿದೆ. ಗೋಡೆಗೆ ಒರಗಿಸಿಟ್ಟಿದ್ದ ಚಾಪೆ ನೆಲದಲ್ಲಿ ಹಾಸಿತ್ತು. ಹಾಸಿದವಳು ನಾನಲ್ಲ. ಅಮ್ಮನೂ ಅಲ್ಲವಂತೆ. ನಾನಿದನ್ನು ಬರೆಯುತ್ತಿರುವಾಗಲೂ ಅದು ತಗ್ಗಿಯೇ ಇದೆ.

ನಮ್ಮ ಗ್ರಂಥಾಲಯದಲ್ಲಿ ಹಿಂದೋಲೆ ಎಂಬ ಗೂಡಿದೆ. ಅದರಲ್ಲಿಟ್ಟ ಕಾಗದ ಹಿಂದಕ್ಕೆ ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೆಂದು ನಾನು ಆಣೆ ಮಾಡಲಾರೆ. ಹೋದರೆ, ನಿಮ್ಮ ಕಾಲದಲ್ಲಿ ಅವಳು ಬದುಕಿದ್ದಾಳೆ. ಪಾವಗಡದ ಕಡೆ, ಐವತ್ತು ದಾಟಿದವಳು, ಚಿಕ್ಕನರಸಪ್ಪನ ಹೆಂಡತಿ, ಕೋಳಿ ಬಯ್ಯುವವಳು. ಅವಳನ್ನು ನಿನ್ನ ಹೆಸರೇನೆಂದು ಕೇಳಿ. ಗಂಡನ ಹೆಸರು, ಮಗಳ ಹೆಸರು ಹೇಳಿ ನುಣುಚಿಕೊಂಡರೆ ಬಿಡಬೇಡಿ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳಿದ್ದರೆ ಅವಳನ್ನೂ ಕೇಳಿ. ಹೆಸರನ್ನು ಹಾಳೆಯ ನಡುವೆ ಬರೆಯಿರಿ, ಅಂಚಿನಲ್ಲಿ ಬೇಡ.

ನಿಮ್ಮ ಉತ್ತರ ನನಗೆ ಮುಟ್ಟುವ ದಾರಿಯಿಲ್ಲ. ಅಜ್ಜಿಗೆ ಹೆಚ್ಚು ದಿನವಿಲ್ಲ. ಹೊತ್ತು ಬಂದಾಗ ಭಾಗ್ಯಲತಾ ಎಂದು ಕೂಗಿ, ಮುಂದಿನ ಹೆಸರು ಬರಬೇಕಾದಲ್ಲಿ ಬಾಯಿ ಮುಚ್ಚಿಕೊಳ್ಳುತ್ತೇನೆ, ಚಾಪೆಯಲ್ಲಿ ಯಾರೇ ಕೂತಿರಲಿ. ಆ ಹೆಸರು ಎಷ್ಟುದ್ದವೋ ಗೊತ್ತಿಲ್ಲ. ಅದಕ್ಕೇ ಕೊಂಚ ಹೆಚ್ಚು ಹೊತ್ತೇ ಸುಮ್ಮನಿರುತ್ತೇನೆ.

ನೆರಳಿ