‘ಮಿನ್’ ಎಂದರೆ ಯಾರು

ಸಾದೆಕ್,
೧೯೯೭ ಮೇ ೨೫

ಮುದ್ದು ಲುವಾ,

ನೀನು ಕಳಿಸಿದ ಕಾಗದದ ಕಟ್ಟು ಕೈಸೇರಿ ಐದು ವಾರವಾಯಿತು. ಆಮೇಲೆ ಎರಡು ಪತ್ರ ಬಂದವು. ಎರಡನೆಯದರಲ್ಲಿ ‘ಅಮ್ಮ, ಬದುಕಿದ್ದೀಯಾ?’ ಎಂದು ಕೇಳಿದ್ದೀಯ. ಬದುಕಿದ್ದೇನೆ ಕಣೇ. ಮೊಣಕಾಲೊಂದು ಬಿಟ್ಟರೆ ಉಳಿದದ್ದೆಲ್ಲ ನೆಟ್ಟಗಿದೆ. ಹೊಲಿಗೆ ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ಶಾಲೆ ಮುಚ್ಚುವ ತಿಂಗಳಲ್ಲಿ ಹುಡುಗಿಯರಿಗೆ ಬಿಳಿ ಅಂಗಿ ಯಾರು ಹೊಲಿಸುತ್ತಾರೆ? ನೀನು ದರ್ಜಿಯ ಮಗಳು, ನಿನಗೆ ಆ ಸುಳ್ಳು ನಡೆಯುವುದಿಲ್ಲ. ದೋಣಿಯಲ್ಲಿ ಹೊಳೆ ದಾಟಿ ನೀನು ಓದುವ ಕಾಂತೋಗೆ ಬಂದು ಬಾಯಲ್ಲೇ ಹೇಳೋಣವೆಂದು ಎರಡು ಸಲ ಚೀಲ ತುಂಬಿಕೊಂಡೆ. ಹೊಸಿಲು ದಾಟಲಿಲ್ಲ. ತಪ್ಪು ನನ್ನದೇ, ಬೈಕೋ.

ನಿನ್ನ ಪ್ರಬಂಧ ಮೂರು ಸಲ ಓದಿದೆ. ನಿಮ್ಮಪ್ಪನ ಹನ್ನೆರಡು ಪುಟ್ಟ ಪದ್ಯಗಳಿಗೆ ಎಪ್ಪತ್ತು ಪುಟ! ಅಂಗಿಗಿಂತ ಅಂಚೇ ಉದ್ದವಾಯಿತಲ್ಲೇ ಎಂದು ಮೊದಲ ಸಲ ನಕ್ಕೆ. ಎರಡನೇ ಸಲ ನಗು ಬರಲಿಲ್ಲ. ಹನ್ನೆರಡರಲ್ಲೂ ಅವರು ‘ಮಿನ್’ ಎಂದು ಯಾರನ್ನೋ ಕರೆಯುತ್ತಾರಲ್ಲ, ನೀನು ಹಿಡಿದು ಕೂತದ್ದು ಆ ಒಂದೇ ಮಾತನ್ನು. ಮಿನ್ ಎಂದರೆ ಮೈ, ಮಿನ್ ಎಂದರೆ ತಾನು. ಹಾಗಾಗಿ ಇವೆಲ್ಲ ಒಬ್ಬಂಟಿ ಮನುಷ್ಯ ತನ್ನೊಡನೆ ತಾನೇ ಆಡಿಕೊಂಡ ಮಾತುಗಳು ಎಂದು ಬರೆದಿದ್ದೀಯ. ‘ಮಿನ್, ಮಳೆ ನಿಂತಿತು, ಹೊಳೆಯ ಕಡೆ ಕಿಟಕಿ ತೆಗೆ’ ಎಂಬ ಸಾಲಿಗೆ, ಕವಿಯ ಮನೆಯಲ್ಲಿ ಹೊಳೆಯ ಕಡೆಗೆ ಕಿಟಕಿಯೇ ಇಲ್ಲ, ಆದ್ದರಿಂದ ಅದು ಮನಸ್ಸಿನ ಕಿಟಕಿ ಎಂದಿದ್ದೀಯ. ಎಷ್ಟು ಜಾಣೆ ನನ್ನ ಮಗಳು! ಕುಹಕವಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಆ ಪುಟ ಓದಿದ ದಿನ ಒಂದು ಕಾಲರನ್ನು ಎರಡು ಸಲ ತಿರುವುಮುರುವಾಗಿ ಹೊಲಿದೆ.

ಈಗ ನಿನ್ನ ಪರೀಕ್ಷಕಿ ಬಿಕ್ ಮೇಡಂ ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಗೀಚಿದ್ದಾರೆ: ನಮ್ಮ ದೇಶದ ದಕ್ಷಿಣದವರಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವುದೂ ಮಿನ್ ಎಂದೇ ಅಲ್ಲವೆ? ಕವಿಯ ಹೆಂಡತಿ ಇದ್ದಾರೆ, ಅವರನ್ನೇ ಕೇಳಿ ಒಂದು ಸಾಲು ಬರೆಸಿಕೊಂಡು ಬಾ. ಆ ಸಾಲು ಬಂದರೆ ನೀನು ಮೂರನೇ ಅಧ್ಯಾಯ ಒಡೆದು ಕಟ್ಟಬೇಕು. ಬರದಿದ್ದರೆ ಜೂನ್ ಹನ್ನೆರಡರ ಮೌಖಿಕ ಪರೀಕ್ಷೆಯಲ್ಲಿ ಎಲ್ಲರ ಮುಂದೆ ಉತ್ತರವಿಲ್ಲದೆ ನಿಲ್ಲಬೇಕು. ನೀನು ನನಗೆ ಬರೆದದ್ದು ಇಷ್ಟೇ: ‘ಅಮ್ಮ, ಅಪ್ಪ ನಿನ್ನನ್ನ ಮಿನ್ ಅಂತ ಕರೆದದ್ದನ್ನ ನಾನಂತೂ ಕೇಳಿಲ್ಲ. ನಾನಿಲ್ಲದಾಗ ಕರೀತಿದ್ರಾ? ಹೌದು ಅಥವಾ ಇಲ್ಲ, ಒಂದೇ ಒಂದು ಸಾಲು ಬರ್ದು ಕಳಿಸು.’ ಒಂದು ಸಾಲಿಗೆ ಐದು ವಾರ ಹಿಡಿಯಿತು ನೋಡು.

ಹತ್ತನೇ ತಾರೀಖು ನಿಮ್ಮಪ್ಪನ ತಿಥಿ ಮಾಡಿದೆ. ಅವರ ಫೋಟೋದ ಮುಂದೆ ತೆಂಗಿನ ನೀರಿನಲ್ಲಿ ಬೇಯಿಸಿದ ಹಂದಿಮಾಂಸ, ಹುಣಸೆ ಹಾಕಿದ ಮೀನಿನ ಸಾರು ಇಟ್ಟೆ. ನಿನ್ನ ಕಟ್ಟು ಹೊಲಿಗೆ ಯಂತ್ರದ ಮೇಲಿತ್ತು. ಎದುರು ಮನೆಯ ಚಿನ್ ಅಕ್ಕ ಸುಮ್ಮನಿರುತ್ತಾಳೆಯೆ? ಕನ್ನಡಕ ಏರಿಸಿ ಓದಿಯೇ ಬಿಟ್ಟಳು. "ಅಯ್ಯೋ ದೇವರೇ! ನಾಲ್ಕು ವರ್ಷ ಓದಿ ನಿನ್ ಮಗಳು ಕಂಡ್ಕೊಂಡಿದ್ದು ಇದೇನಾ? ತನ್ ಜೊತೆ ತಾನೇ ಮಾತಾಡ್ಕೊಳ್ಳೋಕೆ ಮೇಷ್ಟ್ರಿಗೇನು ತಲೆ ಕೆಟ್ಟಿತ್ತಾ? ಮಿನ್ ಅಂದ್ರೆ ಹೆಂಡ್ತಿ ಕಣೇ! ನನ್ನನ್ನ ಕೇಳಿದ್ರೆ ಒಂದು ಲೋಟ ಕಾಫಿಗೆ ಹೇಳ್ಬಿಡ್ತಿದ್ದೆ" ಎಂದಳು. ಅಷ್ಟರಲ್ಲಿ ಬಾಗಿಲ ಹತ್ತಿರ ಅವಳ ಗಂಡ "ಮಿನ್, ನನ್ ಚಪ್ಪಲಿ ಎಲ್ಲೇ?" ಎಂದು ಕೂಗಿದ. "ಕಾಲಲ್ಲೇ ಇದೆ, ಬಗ್ಗಿ ನೋಡ್ಕೊಳ್ರೀ!" ಎಂದು ಇವಳು ಕೂಗಿದಳು. ಬಂದವರೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತಿಕ್ಕಿದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ, ಅವರು ಹೋದ ಮೇಲೆ, ಊರಿನ ಕವಿಕೂಟದವರು ಅವರ ಹಳೇ ನೋಟ್‌ಬುಕ್ಕಿನಿಂದ ಆ ಪದ್ಯಗಳನ್ನು ಅಚ್ಚು ಹಾಕಿಸಿದರಲ್ಲ, ಅಂದಿನಿಂದ ಸಂತೆಯಲ್ಲಿ ನನಗೆ ಹೊಸ ಹೆಸರು. ಮೀನು ಮಾರುವವಳು ಕೂಡ "ಏಯ್, ಮೇಷ್ಟ್ರ ಮಿನ್ ಬಂದ್ರು, ಜಾಗ ಬಿಡ್ರೋ" ಎನ್ನುತ್ತಾಳೆ. ನಾನು ತಲೆ ತಗ್ಗಿಸುತ್ತೇನೆ. ಪಾಪ, ಈ ವಯಸ್ಸಿನಲ್ಲೂ ಎಷ್ಟು ನಾಚಿಕೆ ಎಂದುಕೊಂಡು ಒಂದು ಮೀನು ಹೆಚ್ಚಿಗೆ ಹಾಕುತ್ತಾಳೆ. ಒಂದು ದಿನವೂ ನಾನು ಬೇಡ ಎಂದಿಲ್ಲ.

ನಿಜ ಹೇಳಲೇ, ನಿಮ್ಮ ಈ ಸಾಹಿತ್ಯದ ಓದಿನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಪದ್ಯ ಓದಿದಿರಿ, ಚೆನ್ನಾಗಿದೆ ಎಂದಿರಿ, ಮುಚ್ಚಿಟ್ಟಿರಿ, ಅಷ್ಟು ಸಾಲದೆ? ಯಾರಿಗೆ ಬರೆದರು, ಯಾಕೆ ಬರೆದರು, ಕಿಟಕಿ ಎಲ್ಲಿತ್ತು ಎಂದು ಕೆದಕಲೇಬೇಕೆ? ಹೊಲಿಗೆ ಬಿಚ್ಚಿದರೆ ದಾರ ಬರುತ್ತದೆ, ಬಟ್ಟೆಯ ಮೇಲೆ ತೂತು ಹಾಗೇ ಉಳಿಯುತ್ತದೆ. ಔಷಧಿ ಅಂಗಡಿಯ ಕೋರ್ಸಿಗೆ ಸೇರು ಎಂದು ಚಿನ್ ಅಕ್ಕ ಬಡಕೊಂಡಳು. ಇಲ್ಲ, ಅವಳಪ್ಪನ ಹಾಗೆ ಓದಲಿ ಎಂದು ಹಟ ಹಿಡಿದವಳು ನಾನೇ. ಈಗ ಯಾರ ಮೇಲೆ ಸಿಟ್ಟು ಮಾಡಲಿ?

ನಿಮ್ಮಪ್ಪನನ್ನು ನೆನೆಸಿಕೊಂಡರೆ ಬೈಯಲೂ ಬಾಯಿ ಬರುವುದಿಲ್ಲ. ಒಂದು ದಿನ ದನಿ ಏರಿಸಿದವರಲ್ಲ, ಕುಡಿದವರಲ್ಲ. ನನಗೆ ವಿಷಮಜ್ವರ ಬಂದಾಗ ಹದಿನೆಂಟು ದಿನ ಅವರೇ ಗಂಜಿ ಕಾಯಿಸಿ ಕುಡಿಸಿದರು, ಶಾಲೆಯಿಂದ ಮಧ್ಯಾಹ್ನ ಓಡಿ ಬಂದು ಒದ್ದೆ ಬಟ್ಟೆ ಬದಲಿಸಿದರು. ಅಂಥವರ ಬಗ್ಗೆ ನಾನೇನು ದೂರು ಹೇಳಲಿ, ಯಾರಿಗೆ ಹೇಳಲಿ?

ಅಂತೂ ಬರೆದೆ. ನಾಲ್ಕು ಹಾಳೆ ಹಾಳುಮಾಡಿ ಐದನೆಯದರಲ್ಲಿ ಬರೆದೆ. ಬೇರೆ ಚೀಟಿ, ಇದರೊಳಗೇ ಮಡಿಸಿಟ್ಟಿದ್ದೇನೆ. ‘ನಾನು ದಿವಂಗತ ಖಿಯೆಮ್ ಮೇಷ್ಟ್ರ ಹೆಂಡತಿ. ಮನೆಯಲ್ಲಿ ಅವರು ನನ್ನನ್ನು ಮಿನ್ ಎಂದು ಕರೆಯುತ್ತಿದ್ದರು. ಹನ್ನೆರಡು ಪದ್ಯಗಳೂ ನನಗಾಗಿ ಬರೆದವು.’ ಕೆಳಗೆ ಸಹಿ ಇದೆ. ಮೇಡಂಗೆ ಕೊಡು. ಅಧ್ಯಾಯ ಒಡೆಯಬೇಕಾಗುತ್ತದೆ, ಎರಡು ದಿನ ಮುಖ ಊದಿಸಿಕೊಳ್ಳುತ್ತೀಯ, ಆಮೇಲೆ ಸರಿಹೋಗುತ್ತೀಯ. ‘ನಾನು ಕೇಳೇ ಇಲ್ಲವಲ್ಲ’ ಎಂದು ನೀನು ಅನುಮಾನ ಪಡಬೇಡ. ಗಂಡ ಹೆಂಡತಿ ಎಲ್ಲ ಮಾತನ್ನೂ ಮಕ್ಕಳೆದುರು ಆಡುತ್ತಾರೆಯೆ?

ಒಣಮೀನು, ಎರಡು ಚಕೋತ ಹಣ್ಣು ಕಳಿಸಿದ್ದೇನೆ. ಮೀನನ್ನು ಕೋಣೆಯ ಗೆಳತಿಯರಿಗೂ ಕೊಡು, ಒಬ್ಬಳೇ ತಿನ್ನಬೇಡ. ಹನ್ನೆರಡನೇ ತಾರೀಖು ಬೆಳಿಗ್ಗೆ ಹಿರಿಯರ ಪೀಠಕ್ಕೆ ಊದುಬತ್ತಿ ಹಚ್ಚಿ ನಿನ್ನ ಹೆಸರು ಹೇಳುತ್ತೇನೆ. ಅವರೆಲ್ಲರ ಕೈ ನಿನ್ನ ತಲೆಯ ಮೇಲಿರಲಿ. ಬೆನ್ನು ನೆಟ್ಟಗೆ ಮಾಡಿ ನಿಂತು ಮಾತಾಡು ಮಗಳೇ, ದನಿ ನಡುಗಿದರೆ ನಡುಗಲಿ.

ಸದಾ ನಿನ್ನವಳೇ ಆದ
ಅಮ್ಮ

ಮತ್ತೆ ಬರೆದದ್ದು: ಲುವಾ, ಆ ಚೀಟಿ ಮೇಡಂಗೆ ಕೊಡಬೇಡ. ಲಕೋಟೆಗೆ ಅಂಟು ಹಚ್ಚಲು ಕೈ ಬರಲಿಲ್ಲ. ಹದಿನೆಂಟು ವರ್ಷ ಅವರು ನನ್ನನ್ನು ಕರೆದದ್ದು ‘ಲುವಾ ಅಮ್ಮ’ ಎಂದು. ನೀನು ಹುಟ್ಟುವ ಮುಂಚೆ ಎರಡು ವರ್ಷ ‘ಏ, ಇಲ್ಲಿ ನೋಡು’ ಎಂದು. ಮಿನ್ ಎಂದು ಒಂದು ದಿನವೂ ಕರೆಯಲಿಲ್ಲ, ನೀನಿಲ್ಲದಾಗಲೂ ಕರೆಯಲಿಲ್ಲ. ಯಾರನ್ನು ಕರೆದರೋ ನನಗೆ ಗೊತ್ತಿಲ್ಲ, ಅವರಿದ್ದಾಗಲೇ ಆ ನೋಟ್‌ಬುಕ್ಕು ಓದಿದ್ದೆ, ಕೇಳುವ ಧೈರ್ಯ ಬರುವಷ್ಟರಲ್ಲಿ ಅವರೇ ಹೊರಟುಹೋದರು. ನಿನ್ನ ಅಧ್ಯಾಯ ಹಾಗೇ ಇರಲಿ. ತಮ್ಮೊಡನೆ ತಾವೇ ಮಾತಾಡಿಕೊಂಡರು ಎಂದು ನೀನು ಎಲ್ಲರ ಮುಂದೆ ಹೇಳಿದರೆ, ನಾನೂ ಅದನ್ನೇ ನಂಬುತ್ತೇನೆ. ಆ ಚೀಟಿಯಲ್ಲಿ ‘ನನ್ನನ್ನು ಮಿನ್ ಎಂದು ಕರೆಯುತ್ತಿದ್ದರು’ ಎಂದು ಬರೆದಾಗ, ಒಂದೇ ಒಂದು ಸಲ ಕರೆಸಿಕೊಂಡ ಹಾಗಾಯಿತು ಕಣೇ. ಅಷ್ಟಕ್ಕೇ ಬರೆದೆ. ಅದನ್ನು ಹರಿದುಹಾಕು ಎಂದು ಹೇಳಬೇಕು. ಹೇಳಲು ಮನಸ್ಸು ಬರುತ್ತಿಲ್ಲ.