ಗಡಿಯ ಬಿಳಿಗಲ್ಲುಗಳು

ಡೆರಿನಕ್ಲೋಯ್, ಲೀಟ್ರಿಮ್
೯ ಮಾರ್ಚ್ ೧೯೯೬, ಶನಿವಾರ

ಪ್ರೀತಿಯ ಫೆಲಿಮಣ್ಣಾ,

ಕೊವೆಂಟ್ರಿಯಲ್ಲಿ ಚಳಿ ಇಳಿಯಿತೇ? ಮೊಣಕಾಲು ಹೇಗಿದೆ? ಸುರಂಗದ ಕೆಲಸದಲ್ಲಿ ಹಿಡಿದ ಕೆಮ್ಮು ಬಿಟ್ಟಿದೆಯೆಂದು ಸುಳ್ಳು ಬರೆಯಬೇಡ, ಕ್ರಿಸ್‌ಮಸ್‌ಗೆ ಫೋನಿನಲ್ಲಿ ಕೇಳಿಸಿಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಹಸು ಈದಿದೆ, ಹೆಣ್ಣುಗರು.

ಪಕ್ಕದ ಮನೆಯ ಮಲಾಕಿ ತನ್ನ ಗುಡ್ಡವನ್ನು ಮರದ ಕಂಪನಿಗೆ ಮಾರಿದ್ದಾನೆ. ಇಪ್ಪತ್ತೊಂದನೇ ತಾರೀಖು ಗುರುವಾರ ಯಂತ್ರ ಬಂದು ಉಳುತ್ತದಂತೆ, ಆಮೇಲೆ ಗುಡ್ಡದ ತುಂಬ ಸ್ಪ್ರೂಸ್ ಮರದ ಸಸಿ. ಮೇಲಿನ ಮೂಲೆಯೊಂದನ್ನು ಬಿಡೆಂದು ಬೇಡಿಕೊಂಡೆ. ಯಾವ ಮೂಲೆಯೆಂದು ನಿನಗೆ ಹೇಳಬೇಕಿಲ್ಲ. ದೀಕ್ಷಾಸ್ನಾನಕ್ಕೆ ಮೊದಲೇ ಉಸಿರು ನಿಂತ ಕೂಸುಗಳಿಗೆ ಚರ್ಚಿನ ಅಂಗಳದಲ್ಲಿ ಜಾಗವಿಲ್ಲ ಎಂದರು ಪಾದ್ರಿಗಳು. ನಮ್ಮವರು ತಲೆ ತಗ್ಗಿಸಿ, ನಮ್ಮೂರಿಗೂ ಪಕ್ಕದೂರಿಗೂ ಸೇರದ ಗಡಿಯಲ್ಲಿ ಹೂತು, ಒಂದೊಂದು ಬಿಳಿಗಲ್ಲಿಟ್ಟು ಬಂದರು. ನಮ್ಮ ತಮ್ಮನೂ ಅಲ್ಲೇ ಇದ್ದಾನೆ. ಮಲಾಕಿ ನಕ್ಕುಬಿಟ್ಟ: “ಏನಕ್ಕಾ, ನಿಮ್ಮಪ್ಪಾನೇ ಅಲ್ಲಿ ಕುರಿ ಮೇಯಿಸ್ತಿದ್ದ. ಇಷ್ಟು ವರ್ಷ ಇಲ್ದಿರೋ ಗೋರಿ ನಾನು ಮಾರಿದ್ಮೇಲೆ ಹುಟ್ಕೊಳ್ತಾ?”

ಜಿಲ್ಲಾ ಕಚೇರಿಗೂ ಹೋದೆ. “ನಕ್ಷೇಲಿ ಇಲ್ವಲ್ಲಾ ಮೇಡಂ. ಕಣ್ಣಾರೆ ಕಂಡೋರು ಯಾರಾದ್ರೂ ಬರೆದುಕೊಡ್ಲಿ” ಎಂದ ಅಲ್ಲಿಯ ಅಧಿಕಾರಿ. ನಕ್ಷೆಯಂತೆ, ನಕ್ಷೆ! ಇಂಗ್ಲಿಷರ ಸಿಪಾಯಿಗಳು ಸರಪಳಿ ಹಿಡಿದು ನಮ್ಮ ಊರನ್ನು ಅಳೆದಾಗ ಒಂದು ಗೋಡೆಯನ್ನೂ ಬಿಟ್ಟಿರಲಿಲ್ಲ. ಬಾವಿ ಬರೆದರು, ಸುಣ್ಣದ ಗೂಡು ಬರೆದರು, ಊರ ಹೆಸರನ್ನು ತಮ್ಮ ನಾಲಿಗೆಗೆ ತಕ್ಕಂತೆ ತಿರುಚಿ ಬರೆದರು. ಈ ಮೂಲೆಯನ್ನು ಮಾತ್ರ ಅವರಿಗೆ ಯಾರೂ ತೋರಿಸಲಿಲ್ಲ. ನಾಚಿಕೆಯನ್ನು ನಾವು ಅಷ್ಟು ಅಚ್ಚುಕಟ್ಟಾಗಿ ಬಚ್ಚಿಟ್ಟೆವು. ಅವರು ಹೋದ ಮೇಲೆ ನಮ್ಮದೇ ಸರ್ಕಾರ ಬಂತು, ಅದೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಡಿಂಪ್ನಾ ಅತ್ತೆಯ ಎರಡು ಕೂಸುಗಳು ಅಲ್ಲಿವೆಯೆಂದು ಅಮ್ಮ ಹೇಳುತ್ತಿದ್ದಳಲ್ಲ, ಅವರ ಮನೆಗೂ ಹೋದೆ. “ನಮ್ಮನೇಲಿ ಅಂಥದ್ದೇನೂ ಆಗಿಲ್ಲ ಕಣಮ್ಮಾ. ಟೀ ಆರಿಹೋಗತ್ತೆ, ಕುಡಿ” ಎಂದರು. ಹಾಗೆನ್ನುತ್ತಲೇ ನನ್ನ ಟೀಗೆ ಮೂರನೇ ಸಲ ಸಕ್ಕರೆ ಹಾಕಿದರು. ಎಂಬತ್ತೆಂಟರ ಮುದುಕಿಯನ್ನು ಇನ್ನೇನು ಒತ್ತಾಯಿಸಲಿ?

ಇನ್ನು ಕಂಡವನೆಂದರೆ ನೀನೊಬ್ಬನೇ. ತಮ್ಮನನ್ನು ಹೂಳಲು ಹೋದಾಗ ಅಪ್ಪ ಪೆಟ್ಟಿಗೆ ಹೊತ್ತಿದ್ದ, ನೀನು ಸನಿಕೆ ಹಿಡಿದಿದ್ದೆ. “ಯಾರಾದ್ರೂ ಕೇಳಿದ್ರೆ ಕರು ಹುಡುಕೋಕೆ ಹೋಗಿದ್ವಿ ಅನ್ನು” ಎಂದು ಅವನು ಕಲಿಸಿದ್ದನ್ನು ನೀನು ಇವತ್ತಿಗೂ ಪಾಲಿಸುತ್ತಿದ್ದೀಯ. ಸಾಕಣ್ಣಾ. ಕೇಳುವವರೆಲ್ಲ ಸತ್ತಿದ್ದಾರೆ. ಕಂಡದ್ದನ್ನು ಮೂರು ಸಾಲು ಬರೆದು ಸಹಿ ಹಾಕಿ ಕಳಿಸು.

ಅತ್ತಿಗೆಗೆ ನನ್ನ ನೆನಪು ಹೇಳು. ಕನ್ಯಾಮಾತೆ ನಿನ್ನ ಎದೆಯನ್ನು ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ,
ಅಟ್ರಾಕ್ಟಾ

ತಾ.ಕ.: ಸೋಮವಾರ ಬೆಳಿಗ್ಗೆ. ಈ ಕಾಗದ ಅಂಚೆಗೆ ಹೋಗುವ ಮೊದಲೇ ಯಂತ್ರ ಬಂದುಬಿಟ್ಟಿತು. ಲಾರಿಯ ಚಕ್ರ ಹೂತುಹೋಗದಿರಲೆಂದು ಬಿಳಿಗಲ್ಲುಗಳನ್ನು ಗೇಟಿನ ಕೆಸರಿಗೆ ಸುರಿದಿದ್ದಾರೆ. ಒಂದನ್ನು ಎತ್ತಿ ತಂದು ಅಮ್ಮನ ಗೋರಿಯ ಮೇಲಿಟ್ಟೆ. ಅದು ತಮ್ಮನದೇ ಎಂದು ಹೇಗೆ ಹೇಳಲಿ? ಇನ್ನು ಸಾಕ್ಷಿ ಬರೆಯಬೇಡ, ಅದರಿಂದ ಏನೂ ಆಗುವುದಿಲ್ಲ. ಒಂದೇ ಒಂದು ತಿಳಿಸು. ಪೆಟ್ಟಿಗೆಯನ್ನು ಕೆಳಗಿಳಿಸುವಾಗ ಅಪ್ಪ ಅವನನ್ನು ಏನಾದರೂ ಹೆಸರಿಟ್ಟು ಕರೆದನೇ?